ಕೌಲ್ ಬಜಾರ್‌ನ ಸಂಜೆ ಬೈಬಲ್ ತರಗತಿ: ಹೆದರಿಸದೆ ಪ್ರಕಟನೆ ಓದಿಸುತ್ತಾರೆ

ಬಳ್ಳಾರಿಯಲ್ಲಿ ಲೋಕದ ಅಂತ್ಯದ ಮಾತು ಬರುವ ಬೈಬಲಿನ ದಾನಿಯೇಲ, ಪ್ರಕಟನೆ ಈ ಎರಡು ಪುಸ್ತಕಗಳನ್ನು ಕೂರಿಸಿ ಓದಿಸುವವರನ್ನು ಹುಡುಕುತ್ತಿದ್ದರೆ ಕೌಲ್ ಬಜಾರ್‌ನಲ್ಲಿ ಭಾನುವಾರ ಸಂಜೆ ನಡೆಯುವ ಈ ತರಗತಿಗೆ ಹೋಗಿ. ಫೀಸ್ ಇಲ್ಲ, ಜೆರಾಕ್ಸ್‌ಗೆ ಮಾತ್ರ ದುಡ್ಡು. ನಡೆಸುವವರು ರಿಟೈರ್ ಆದ ಇತಿಹಾಸದ ಮೇಷ್ಟ್ರು.

ನಮ್ಮತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಕೊರೊನಾ ಕಾಲದಲ್ಲಿ ಲಸಿಕೆಯೇ ಮೃಗದ ಗುರುತು (ಪ್ರಕಟನೆಯಲ್ಲಿ ದೇವರ ವಿರೋಧಿಯಾದ ಮೃಗದ ಕಡೆಯವರಿಗೆ ಬೀಳುವ ಮುದ್ರೆ) ಅಂತ ಯಾರೋ ಕಳಿಸಿದ ವಿಡಿಯೋ ನೋಡಿ ಅವರು ಸೂಜಿ ಹಾಕಿಸಿಕೊಳ್ಳಲೇ ಇಲ್ಲ. ಎಲ್ಲಾದರೂ ಯುದ್ಧದ ಸುದ್ದಿ ಬಂದರೆ ಲೋಕ ಮುಗಿಯಿತು ಅಂತ ಈಗಲೂ ರಾತ್ರಿಯೆಲ್ಲ ಎದ್ದು ಕೂರುತ್ತಾರೆ. ವಯಸ್ಸಾದವರನ್ನು ಹೀಗೆ ಹೆದರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇಲ್ಲಿ ಶುರುವಾಗುವುದೇ ಬೇರೆ ಪ್ರಶ್ನೆಯಿಂದ. ಪ್ರಕಟನೆ ಎಂಬ ಈ ಪತ್ರ ಮೊದಲು ಯಾರ ಕೈ ಸೇರಿತು? ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ ಬರೆದದ್ದು ಏಳು ಊರುಗಳ ಕ್ರೈಸ್ತ ಸಭೆಗಳಿಗೆ, ಆ ಊರುಗಳೆಲ್ಲ ಇರುವುದು ಈಗಿನ ಟರ್ಕಿಯಲ್ಲಿ. ಅವುಗಳಲ್ಲಿ ಒಂದಾದ ಲವೊದಿಕೀಯದ ಪಾಠ ನನಗೆ ತುಂಬಾ ಹಿಡಿಸಿತು. ಕ್ರಿ.ಶ. 60ರ ಭೂಕಂಪದಲ್ಲಿ ಬಿದ್ದ ಆ ಊರು ರೋಮ್ ಮುಂದೆ ಕೈ ಚಾಚದೆ ತನ್ನ ದುಡ್ಡಲ್ಲೇ ಮತ್ತೆ ಎದ್ದಿತ್ತಂತೆ, ಅಂಥ ಊರಿನವರಿಗೇ ಯೋಹಾನ ‘ನಿನಗೇನೂ ಕೊರತೆಯಿಲ್ಲ ಅಂದುಕೊಂಡಿದ್ದೀಯ, ಆದರೆ ನೀನು ಬಡವ’ ಎಂಬ ಅರ್ಥದಲ್ಲಿ ಬರೆಯುತ್ತಾನೆ. ಅವರಿಗೆ ಎಷ್ಟು ಚುಚ್ಚಿರಬೇಕು ಅಲ್ವಾ!

ಪ್ರಕಟನೆಯಲ್ಲಿ ಮೃಗದ ಸಂಖ್ಯೆ ಎನ್ನುವ 666ಕ್ಕೂ ಅದೇ ದಾರಿ. ರೋಮ್ ಚಕ್ರವರ್ತಿ ನೀರೋ ಕೈಸರ್‌ನ ಹೆಸರನ್ನು ಗ್ರೀಕ್ ಉಚ್ಚಾರದಂತೆ ಹೀಬ್ರೂ ಅಕ್ಷರಗಳಲ್ಲಿ ಬರೆದು, ಅಕ್ಷರಕ್ಕಿಷ್ಟು ಅಂತ ಕೂಡಿದರೆ 666 ಬರುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ 616 ಇದೆ, ಲ್ಯಾಟಿನ್ ಉಚ್ಚಾರದಂತೆ ಬರೆದರೆ ಅದೂ ಕೂಡಿಬರುತ್ತದೆ. ಇದನ್ನು ಒಪ್ಪದೆ, ಮೃಗ ಇನ್ನು ಮುಂದೆ ಬರುವವನು ಅನ್ನುವವರ ವಾದವನ್ನೂ ಮೇಷ್ಟ್ರು ಅಷ್ಟೇ ತಾಳ್ಮೆಯಿಂದ ಹೇಳಿದರು. ಪ್ರಕಟನೆ ಹೇಳುವ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಅವನ ಎರಡನೇ ಬರೋಣದ ನಂತರವೋ, ಮೊದಲೋ, ಅಥವಾ ಸಭೆಯ ಈ ಕಾಲವೇ ಅದೋ, ಮೂರೂ ಪಕ್ಷ ಬೋರ್ಡ್ ಮೇಲೆ ಬಂತು.

ಕ್ರಿಸ್ತ ಬರುವ ದಿನಾಂಕ ಹೇಳಿದವರ ಕಥೆಯನ್ನೂ ಬಿಡಲಿಲ್ಲ. ಅಮೆರಿಕದ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ಕೂತಿದ್ದರು. ಅದೇ ದೇಶದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದ. ಎರಡೂ ದಿನ ಸುಮ್ನೆ ಕಳೆದುಹೋದವು.

“ಹಾಗಾದ್ರೆ ಕರ್ತ ಬರಲ್ವಾ ಸರ್?” ಅಂತ ಅತ್ತೆ ಕೇಳಿಯೇ ಬಿಟ್ಟರು.

“ಬರ್ತಾರಮ್ಮ. ಯಾವಾಗ ಅಂತ ಮಗನಿಗೂ ತಿಳಿಯದು ಅಂತ ಮತ್ತಾಯ 24:36ರಲ್ಲೇ ಇದೆ. ನಾನ್ಯಾರು ಹೇಳೋಕೆ?”

ಕೊರತೆ ಇದೆ. ದಾನಿಯೇಲ 9ನೇ ಅಧ್ಯಾಯದ ಎಪ್ಪತ್ತು ವಾರಗಳನ್ನು ಒಂದೇ ಸಂಜೆ ಓಡಿಸಿಬಿಟ್ಟರು. ವಾರಕ್ಕೆ ಏಳು ವರ್ಷದಂತೆ 490 ವರ್ಷ, ಸರಿ. ಆದರೆ ಎಣಿಕೆ ಶುರು ಮಾಡಬೇಕಾದದ್ದು ಯೆಹೂದ್ಯರು ಯೆರೂಸಲೇಮಿಗೆ ಮರಳಲು ಪರ್ಷಿಯದ ಕೋರೆಷ ರಾಜ ಕೊಟ್ಟ ಅಪ್ಪಣೆಯಿಂದಲೋ, ಸುಮಾರು ನೂರು ವರ್ಷ ಆಮೇಲೆ ಅಲ್ಲಿನ ಇನ್ನೊಬ್ಬ ರಾಜ ಅರ್ತಷಸ್ತ ಕೊಟ್ಟ ಅಪ್ಪಣೆಯಿಂದಲೋ? ಜಗಳವೆಲ್ಲ ಇರುವುದೇ ಅಲ್ಲಿ, ಅದಕ್ಕೆ ಇನ್ನೂ ಎರಡು ವಾರ ಕೊಡಬೇಕಿತ್ತು. 1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲೇ ಕೂತು ಬೈಬಲನ್ನು ಕನ್ನಡಕ್ಕೆ ತಂದ ಊರು ನಮ್ಮದು. ಇಂಥ ಓದು ಇಲ್ಲಿ ಇಷ್ಟು ಅಪರೂಪ ಆಗಬಾರದು.

ಕೋಣೆ ಮಹಡಿ ಮೇಲಿದೆ, ಮೆಟ್ಟಿಲು ಕಡಿದು, ಮಂಡಿ ನೋವಿನವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ. ಬೈಬಲ್ ನಿಮ್ಮದೇ ತನ್ನಿ. ಪ್ರಕಟನೆಯ ಮೊದಲ ಮೂರು ಅಧ್ಯಾಯ ಮನೆಯಲ್ಲೇ ಓದಿಕೊಂಡು ಬಂದರೆ ಜಾಸ್ತಿ ಸಿಗುತ್ತದೆ. ಬೇಸಿಗೆಯಲ್ಲಿ ಕಿಟಕಿ ಪಕ್ಕದ ಸಾಲು ಹಿಡಿಯಿರಿ.