ಡಾನ್ಯೂಬ್ ದಂಡೆಯಲ್ಲೂ ಆಗುಂಬೆ ಮಳೆಯಲ್ಲೂ ಒದ್ದೆಯಾಗದ ಸೈಕಲ್ ಚೀಲ

ವಾಟರ್‌ಪ್ರೂಫ್ ಅಂತ ಹೇಳಿಕೊಂಡು ಬರುವ ಯಾವ ಸಾಮಾನನ್ನೂ ತೀರ್ಥಹಳ್ಳಿ ಕಡೆಯವರು ಸುಲಭಕ್ಕೆ ನಂಬುವುದಿಲ್ಲ. ಜೂನ್‌ನಲ್ಲಿ ಕೊಂಡ ರೇನ್‌ಕೋಟು ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಕೊಟ್ಟಿಗೆ ಸೇರುವುದನ್ನು ಎಷ್ಟು ಕಂಡಿಲ್ಲ! ಹಾಗಾಗಿ ಸೈಕಲ್ ಕ್ಯಾರಿಯರ್‌ನ ಎರಡೂ ಬದಿಗೆ ನೇತುಹಾಕುವ ಓರ್ಟ್‌ಲೀಬ್ ಬ್ಯಾಕ್ ರೋಲರ್ ಕ್ಲಾಸಿಕ್ ಚೀಲ ಜೋಡಿಗೆ 150 ಯೂರೋ ಮೇಲಾಗುತ್ತೆ ಅಂತ ಯಜಮಾನರು ಅಂದಾಗ, "ತಲೆ ಸರಿ ಇದ್ಯೇನ್ರೀ?" ಅಂತಲೇ ಕೇಳಿದ್ದೆ. ಅತ್ತೆ ಚೀಲವನ್ನು ಮುಟ್ಟಿ ನೋಡಿ, "ಇದು ಅಡಿಕೆಗೆ ಮುಚ್ಚೋ ಟಾರ್ಪಲ್ ಅಲ್ವೇನೇ? ಇದಕ್ಕೆ ಇಷ್ಟು ದುಡ್ಡಾ?" ಅಂದರು.

ಅತ್ತೆ ಹೇಳಿದ್ದು ಸುಳ್ಳಲ್ಲ. ಹಾರ್ಟ್‌ಮುಟ್ ಓರ್ಟ್‌ಲೀಬ್ ಅನ್ನುವವರು 1982ರಲ್ಲಿ ಈ ಕಂಪನಿ ಶುರುಮಾಡಿದ್ದೇ ಲಾರಿ ಟಾರ್ಪಲ್‌ನಿಂದ ಚೀಲ ಮಾಡಿ. ಈ ಚೀಲವೂ ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಲೇಪಿಸಿದ್ದೇ. ಆದರೆ ಗುಟ್ಟು ಇರುವುದು ಅಂಚಿನಲ್ಲಿ. ಸೂಜಿ ದಾರ ಹಾಕಿ ಹೊಲಿಯದೆ, ಬಿಸಿ ಮಾಡಿ ಬೆಸೆದಿರುತ್ತಾರೆ. ಇದನ್ನು ನೋಡಿ ನಮ್ಮೂರಲ್ಲೂ ಒಬ್ಬರ ಹತ್ತಿರ ಟಾರ್ಪಲ್ ಕೊಟ್ಟು ಒಂದು ಚೀಲ ಹೊಲಿಸಿ ನೋಡಿದೆ. ಬಟ್ಟೆ ಗಟ್ಟಿಮುಟ್ಟಾಗಿಯೇ ಇತ್ತು, ನೀರು ಒಳಗೆ ಬಂದಿದ್ದು ಸೂಜಿ ತೂತಿನಿಂದ.

ಮೈದುನ ಮ್ಯೂನಿಕ್‌ನಲ್ಲಿದ್ದಾನೆ. ಮಕ್ಕಳ ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಪಾಸೌ ಊರಿಗೆ ಬಂದು, ಬಾಡಿಗೆ ಸೈಕಲ್ ಹಿಡಿದು ಡಾನ್ಯೂಬ್ ನದಿಗುಂಟ ವಿಯೆನ್ನಾವರೆಗೆ ತುಳಿದೆವು. ಸುಮಾರು 320 ಕಿ.ಮೀ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಸಾಗುವ ಯೂರೋವೆಲೋ 6 ದಾರಿಯ ಒಂದು ತುಂಡು ಇದು. ಹಿಂದಿನ ಕಾಲದಲ್ಲಿ ಕುದುರೆ ಕಟ್ಟಿ ದೋಣಿ ಎಳೆಸುತ್ತಿದ್ದ ದಂಡೆಯೇ ಬಹಳ ಕಡೆ ಈಗ ಸೈಕಲ್ ದಾರಿ. ನದಿ ಹರಿಯುವ ದಿಕ್ಕಿಗೇ ಹೋಗುವುದರಿಂದ ಏರು ಕಡಿಮೆ, ಮಕ್ಕಳಿಗೆ ತ್ರಾಸಿಲ್ಲ. ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ, ನೆನಪಿರಲಿ. ಪಾಸೌನಲ್ಲಿ ಡಾನ್ಯೂಬ್, ಇನ್, ಇಲ್ಝ್ ಮೂರೂ ಸೇರುವುದನ್ನು ನೋಡಿ ಮಗಳು, "ಕೂಡ್ಲಿಗಿಂತ ಒಂದು ನದಿ ಜಾಸ್ತಿ ಅಮ್ಮಾ" ಅಂದಳು.

ದಾರಿಯಲ್ಲಿ ಸಿಗುವ ಶ್ಲೋಗೆನ್ ಊರಿನ ಹತ್ತಿರ ನದಿ ಗುಡ್ಡಕ್ಕೆ ಡಿಕ್ಕಿ ಹೊಡೆದ ಹಾಗೆ ಗಿರ್ರನೆ ಹಿಂದಕ್ಕೆ ತಿರುಗುತ್ತದೆ. ಮಳೆ ಹಿಡಿದಿದ್ದು ಅಲ್ಲೇ. ಸಂಜೆ ಕ್ಯಾಂಪಿನಲ್ಲಿ ಟೆಂಟ್ ಹಾಕುವಾಗಲೂ ಬಿಟ್ಟಿರಲಿಲ್ಲ. ಚೀಲದ ಮೈಯೆಲ್ಲಾ ರಾಡಿ. ಬಕಲ್ ಬಿಚ್ಚಿ, ಸುತ್ತಿದ ಬಾಯಿ ಬಿಡಿಸಿ ನಾನು ಮೊದಲು ಕೈ ಹಾಕಿದ್ದು ಹುರಿದ ಪೇಪರ್ ಅವಲಕ್ಕಿ ಪೊಟ್ಟಣಕ್ಕೆ. ಮಳೆಗಾಲದಲ್ಲಿ ನಮ್ಮನೆ ಡಬ್ಬಿಯಲ್ಲೇ ಮೆತ್ತಗಾಗುವ ಅವಲಕ್ಕಿ, ಅಲ್ಲಿ ಬಾಯಿಗೆ ಹಾಕಿದರೆ ಕರುಂ ಕುರುಂ! ನನಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಡ. (ಟೆಂಟಿನ ಕಥೆ ಬೇರೆ. ಅದು ಬೇರೆ ಕಂಪನಿಯದ್ದು, ಮೂಲೆಯಲ್ಲಿ ಜಿನುಗಿತು.)

ಜೋಡಿಗೆ 40 ಲೀಟರ್ ಹಿಡಿಯುತ್ತೆ, ತೂಕ ಎರಡು ಕೆಜಿಯೊಳಗೆ. ಮೇಲಿನ ಹಿಡಿಕೆ ಎತ್ತಿದರೆ ಕೊಕ್ಕೆ ತಾನೇ ಬಿಚ್ಚಿಕೊಳ್ಳುತ್ತೆ, ಕ್ಯಾರಿಯರ್ ಮೇಲೆ ಇಟ್ಟು ಬಿಟ್ಟರೆ ಕಚ್ಚಿಕೊಳ್ಳುತ್ತೆ. ಕ್ಯಾರಿಯರ್ ಕಂಬಿ 16 ಮಿ.ಮೀ. ದಪ್ಪದವರೆಗೆ ನಡೆಯುತ್ತೆ, ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವ ಮೊದಲೇ ವಿಚಾರಿಸಿ. ಮಕ್ಕಳ ಸೈಕಲ್ಲಿಗೆ ಮಾತ್ರ ಇಷ್ಟು ದೊಡ್ಡ ಚೀಲ ಬೇಡ, ಪೆಡಲ್ ತುಳಿಯುವಾಗ ಹಿಮ್ಮಡಿ ತಾಗುತ್ತೆ.

ಬಾಯಿ ಸುತ್ತಿ ಮುಚ್ಚುವ ಚೀಲಗಳಿಗೆಲ್ಲ ಒಂದು ಗುಣ ಇದೆ: ನೀರು ಒಳಗೆ ಬರೋದಿಲ್ಲ, ಒಳಗಿದ್ದ ನೀರು ಹೊರಗೂ ಹೋಗೋದಿಲ್ಲ. ಒದ್ದೆ ಟವಲ್ ತುರುಕಿದರೆ ಮಾರನೇ ದಿನ ಮುಖ ಹತ್ತಿರ ತರೋಕಾಗಲ್ಲ. ಸಣ್ಣ ಒಳಜೇಬು ಬಿಟ್ಟರೆ ಒಳಗೆಲ್ಲ ಒಂದೇ ಕೋಣೆ ಆದ್ದರಿಂದ ಬೇಕಾದ್ದು ಯಾವಾಗಲೂ ಅಡಿಯಲ್ಲೇ. ನಾನು ಬಣ್ಣ ಬಣ್ಣದ ಬಟ್ಟೆ ಸಂಚಿ ಮಾಡಿಕೊಂಡು ಒಂದರಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಇನ್ನೊಂದರಲ್ಲಿ ಬಟ್ಟೆ ಅಂತ ವಿಂಗಡಿಸಿದ್ದೆ.

ಕ್ಯಾಂಪಿನಲ್ಲಿ ಅಡುಗೆಗೆ ಒಯ್ಯುವ ಪುಟ್ಟ ಒಲೆಯ ಗ್ಯಾಸ್ ಡಬ್ಬಿ ವಿಮಾನಕ್ಕೆ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ತಿರುಪಿನ ಬಾಯಿಯದ್ದು, ಒತ್ತಿ ಕೂರಿಸುವ ಬಾಯಿಯದ್ದು ಅಂತ ಬೇರೆ ಬೇರೆ ಇರುತ್ತವೆ. ನಿಮ್ಮ ಒಲೆಗೆ ಯಾವುದು ಅಂತ ನೋಡಿ ತಗೊಳ್ಳಿ. ಭಾನುವಾರ ಅಲ್ಲಿ ಅಂಗಡಿ ಬಾಗಿಲು ತೆಗೆಯುವುದೇ ಅಪರೂಪ, ಶನಿವಾರವೇ ಹಾಲು ಬ್ರೆಡ್ಡು ಚೀಲಕ್ಕೆ ಹಾಕಿಕೊಳ್ಳಬೇಕು.

ಊರಿಗೆ ಬಂದ ಮೇಲೆ ಜುಲೈನಲ್ಲಿ ಇದೇ ಚೀಲ ಹಾಕಿಕೊಂಡು ಯಜಮಾನರು ಆಗುಂಬೆಗೆ ಹೋಗಿ ಬಂದರು. ಕಾಲಿಗೆ ಉಂಬಳ ಹತ್ತಿತ್ತು, ಚೀಲದೊಳಗಿನ ಪಂಚೆ ಮಡಿಕೆ ಸಮೇತ ಬೆಚ್ಚಗಿತ್ತು. ಮಳೆಗಾಲದಲ್ಲಿ ಪೇಟೆಗೆ, ಆಫೀಸಿಗೆ ಸೈಕಲ್ ತುಳಿಯುವವರಿಗೆ ಒಂದು ಬದಿಯ ಚೀಲವೇ ಸಾಕು, ಅದಕ್ಕೆ ದುಡ್ಡು ಹಾಕಬಹುದು. ಬೇಸಿಗೆಯಲ್ಲಷ್ಟೇ ಸೈಕಲ್ ಹೊರಗೆ ತೆಗೆಯುವವರು ಸುಮ್ಮನೆ ಖರ್ಚು ಮಾಡಬೇಡಿ. ನಮ್ಮನೆಯಲ್ಲಿ ಒಂದು ಚೀಲವನ್ನು ಅತ್ತೆ ಹಪ್ಪಳ ಇಡೋಕೆ ತಗೊಂಡಿದ್ದಾರೆ, ವಾಪಸ್ ಕೇಳೋ ಧೈರ್ಯ ಯಜಮಾನರಿಗಿಲ್ಲ.