ಮನೆ ಬದಲಾಯಿತು, ಡಬ್ಲ್ಯು-2 ಬದಲಾಗಲಿಲ್ಲ

ಬೆಂಗಳೂರಿನಿಂದ ಹೈದರಾಬಾದಿಗೆ ಮನೆ ಬದಲಾಯಿಸಿದರೆ ಆದಾಯ ತೆರಿಗೆ ಕಟ್ಟುವುದು ಅದೇ ಕೇಂದ್ರ ಸರ್ಕಾರಕ್ಕೆ. ತಿಂಗಳಿಗೆ ಸುಮಾರು ಇನ್ನೂರು ರೂಪಾಯಿಯ ವೃತ್ತಿ ತೆರಿಗೆ ಯಾವ ರಾಜ್ಯದ ಪಾಲು ಎಂಬುದಷ್ಟೇ ವ್ಯತ್ಯಾಸ. ಅದೇ ನಿಶ್ಚಿಂತೆಯಲ್ಲಿ ನಾನು 2024ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ ಟೆಕ್ಸಾಸಿನ ಆಸ್ಟಿನ್‌ಗೆ ಗಂಟುಮೂಟೆ ಕಟ್ಟಿದೆ. ಕಂಪನಿ ಅದೇ, ಕೆಲಸ ಮನೆಯಿಂದ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ ಎಂದು ಹಿಗ್ಗಿದ್ದೂ ಉಂಟು.

ಕಂಪನಿಯ ಪೋರ್ಟಲ್‌ನಲ್ಲಿ ಹೊಸ ವಿಳಾಸ ತುಂಬಿ ಕೈ ತೊಳೆದುಕೊಂಡೆ. ವಾಸದ ವಿಳಾಸ ಬೇರೆ, ಕೆಲಸ ಮಾಡುವ ರಾಜ್ಯ ಬೇರೆ, ಎರಡನ್ನೂ ಬದಲಿಸಬೇಕು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಿಸೆಂಬರ್‌ವರೆಗೆ ಪ್ರತಿ ಪೇ ಸ್ಲಿಪ್‌ನಲ್ಲೂ ಕ್ಯಾಲಿಫೋರ್ನಿಯಾದ ತೆರಿಗೆ ಕಡಿತವಾಗುತ್ತಲೇ ಇತ್ತು. ನಾನು ನೋಡುತ್ತಿದ್ದುದು ಕೊನೆಯ ಸಾಲಿನ ಮೊತ್ತವನ್ನು ಮಾತ್ರ. ಜನವರಿಯಲ್ಲಿ, ವರ್ಷದ ಸಂಬಳ ಮತ್ತು ಕಡಿತವಾದ ತೆರಿಗೆ ತೋರಿಸಿ ಕಂಪನಿ ಕೊಡುವ ಡಬ್ಲ್ಯು-2 ನಮೂನೆ ಬಂತು: 15ನೇ ಚೌಕದಲ್ಲಿ ‘ಸಿಎ’, ಅಂದರೆ ಕ್ಯಾಲಿಫೋರ್ನಿಯಾ, 16ನೇ ಚೌಕದಲ್ಲಿ ಇಡೀ ವರ್ಷದ ಸಂಬಳ.

ಪೇರೋಲ್‌ನವರನ್ನು ಕೇಳಿದರೆ, ‘ರಿಟರ್ನ್ ಸಲ್ಲಿಸುವಾಗ ನೀವೇ ಸರಿ ಮಾಡಿಕೊಳ್ಳಿ’ ಎಂದರು. ಅಲ್ಲೇ ಹಟ ಹಿಡಿದು ತಿದ್ದಿದ ಡಬ್ಲ್ಯು-2ಸಿ ಕೇಳಬೇಕಿತ್ತು. ರಿಟರ್ನ್ ಸಲ್ಲಿಸುವ ಕೊನೆಯ ದಿನ, ಏಪ್ರಿಲ್ 15, ಹತ್ತಿರ ಬಂದಿತ್ತು, ಬಿಟ್ಟುಬಿಟ್ಟೆ. ವರ್ಷದ ಒಂದು ಭಾಗ ಮಾತ್ರ ಅಲ್ಲಿದ್ದವರು ತುಂಬುವ 540 ಎನ್‌ಆರ್ ನಮೂನೆಯಲ್ಲಿ ಜುಲೈವರೆಗಿನ ಸಂಬಳವನ್ನಷ್ಟೇ ಕ್ಯಾಲಿಫೋರ್ನಿಯಾಕ್ಕೆ ತೋರಿಸಿದೆ. ಹೆಚ್ಚಾಗಿ ಕಡಿತವಾಗಿದ್ದ ತೆರಿಗೆ ವಾಪಸ್ ಬಂತು. ಆ ಹಣದಲ್ಲಿ ಒಂದು ಸೋಫಾ ಕೂಡ ಕೊಂಡೆವು.

ಮುಂದಿನ ಸೆಪ್ಟೆಂಬರ್‌ನಲ್ಲಿ ಸನಿವೇಲ್‌ನ ಪಕ್ಕದ ಮನೆಯವರು, ತುಮಕೂರಿನ ಕಡೆಯ ಹಿರಿಯರು, ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಕೋಟೆಯ ಫೋಟೊ ಕಳಿಸಿದರು. ‘ಹೊಸಬರು ನಿಮ್ಮ ಕಾಗದವನ್ನು ನಮ್ಮ ಮನೆಗೆ ಕೊಟ್ಟಿದ್ದಾರೆ, ತೆರಿಗೆಯದ್ದು ಅನ್ನಿಸುತ್ತದೆ.’ ಅಂಚೆಯವರು ಕಾಗದಗಳನ್ನು ಹೊಸ ವಿಳಾಸಕ್ಕೆ ತಿರುಗಿಸುವುದು ಸಾಮಾನ್ಯವಾಗಿ ಹನ್ನೆರಡು ತಿಂಗಳು; ಆ ಅವಧಿ ಮುಗಿದಿತ್ತು. ಬ್ಯಾಂಕಿಗೆ, ವಿಮೆಗೆ, ದಿನಸಿ ತರಿಸುವ ಆ್ಯಪ್‌ಗೂ ವಿಳಾಸ ಬದಲಿಸಿದ್ದವನು ಬ್ಯಾಂಕ್ ಖಾತೆಗೇ ಹಣ ಬಂತೆಂದು ಕ್ಯಾಲಿಫೋರ್ನಿಯಾದ ತೆರಿಗೆ ಇಲಾಖೆಗೆ ವಿಳಾಸ ಬದಲಾವಣೆಯ 3533 ನಮೂನೆ ಕಳಿಸಿರಲಿಲ್ಲ. ರಿಟರ್ನ್‌ನಲ್ಲೂ ಸಾಫ್ಟ್‌ವೇರ್ ತಾನೇ ತುಂಬಿದ ಹಳೆಯ ವಿಳಾಸವನ್ನೇ ಬಿಟ್ಟಿದ್ದೆ.

ಲಕೋಟೆಯಲ್ಲಿದ್ದದ್ದು ಹೆಚ್ಚುವರಿ ತೆರಿಗೆ ಮತ್ತು ಬಡ್ಡಿಯ ಪ್ರಸ್ತಾವ. ಡಬ್ಲ್ಯು-2ಕ್ಕೂ ನನ್ನ ಲೆಕ್ಕಕ್ಕೂ ತಾಳೆಯಾಗಿಲ್ಲವಂತೆ. ಆಕ್ಷೇಪಣೆಗೆ ಅರವತ್ತು ದಿನ ಇರುತ್ತದೆ. ನನ್ನ ಕೈಗೆ ಬಂದಾಗ ಉಳಿದಿದ್ದು ಹನ್ನೊಂದು. ಆಸ್ಟಿನ್ ಮನೆಯ ಬಾಡಿಗೆ ಕರಾರು, ವಿದ್ಯುತ್ ಬಿಲ್, ಟೆಕ್ಸಾಸಿನ ಚಾಲನಾ ಪರವಾನಗಿ, ಎಲ್ಲಿಂದ ಕೆಲಸ ಮಾಡುತ್ತಿದ್ದೇನೆ ಎಂದು ಕಂಪನಿ ಕೊಟ್ಟ ಪತ್ರ, ಕೊನೆಗೂ ಗದರಿಸಿ ತರಿಸಿಕೊಂಡ ಡಬ್ಲ್ಯು-2ಸಿ, ಎಲ್ಲವನ್ನೂ ಜೋಡಿಸಿ ಕಳಿಸಿದೆ.

ಸಂಬಳದ ಭಾಗವನ್ನು ಒಪ್ಪಿದರು. ಪೆಟ್ಟು ಬಿದ್ದದ್ದು ಆರ್‌ಎಸ್‌ಯು (ಕಂಪನಿ ಇಂದು ಮಂಜೂರು ಮಾಡಿ, ಕೆಲಕಾಲ ದುಡಿದ ಮೇಲೆ ಕೈಗೆ ಕೊಡುವ ಷೇರು) ವಿಷಯದಲ್ಲಿ, ಅದೂ ನ್ಯಾಯವಾಗಿಯೇ. ನವೆಂಬರ್‌ನಲ್ಲಿ ಷೇರು ಕೈಗೆ ಬಂದಾಗ ನಾನು ಆಸ್ಟಿನ್‌ನಲ್ಲಿದ್ದೆ, ಹಾಗಾಗಿ ಅದು ಪೂರ್ತಿ ಟೆಕ್ಸಾಸಿನದು ಎಂದುಕೊಂಡಿದ್ದೆ. ಕ್ಯಾಲಿಫೋರ್ನಿಯಾ ಲೆಕ್ಕ ಹಿಡಿಯುವುದು ಷೇರು ಮಂಜೂರಾದ ದಿನದಿಂದ ಕೈಸೇರುವ ದಿನದವರೆಗೆ. ಆ ಅವಧಿಯ 500 ಕೆಲಸದ ದಿನಗಳಲ್ಲಿ 400 ದಿನ ಅಲ್ಲಿ ದುಡಿದಿದ್ದರೆ, ಆ ಆದಾಯದ ಶೇ 80 ಅವರಿಗೇ ತೆರಿಗೆಗೆ ಒಳಪಡುತ್ತದೆ. ಬಡ್ಡಿ ಸಮೇತ ಕಟ್ಟಿದೆ.

ಇನ್ನೊಂದು ಬಾಕಿ ಇದೆ. ಜುಲೈ ನಂತರವೂ ಶೇ 1.1ರಂತೆ ಎಸ್‌ಡಿಐ, ಅಂದರೆ ಕ್ಯಾಲಿಫೋರ್ನಿಯಾದ ಅಂಗವಿಕಲತೆ ವಿಮೆಯ ಕಂತು, ಕಡಿತವಾಗಿತ್ತು. ಒಂದೇ ಕಂಪನಿ ತಪ್ಪಾಗಿ ಹಿಡಿದದ್ದು ರಿಟರ್ನ್ ಮೂಲಕ ವಾಪಸ್ ಬರುವುದಿಲ್ಲ, ಕಂಪನಿಯೇ ಕೊಡಬೇಕು. ಪೇರೋಲ್‌ಗೆ ನಾಲ್ಕನೆಯ ಇಮೇಲ್ ಮೊನ್ನೆ ಸೋಮವಾರ ಹೋಗಿದೆ.