ಗೃಹಸಾಲಕ್ಕೆ ಏಜೆಂಟರ ಶುಲ್ಕವೋ, ಬ್ಯಾಂಕಿನ ಬಾಗಿಲೋ?

ತುಮಕೂರಿನ ಮರಳೂರು ಕಡೆ 38 ಲಕ್ಷ ರೂಪಾಯಿಗೆ ಹಳೆಯ ಮನೆಯೊಂದನ್ನು ಕೊಳ್ಳುವಾಗ, 30 ಲಕ್ಷದ ಸಾಲಕ್ಕಾಗಿ ನಾನು ಎರಡು ದಾರಿಗಳಲ್ಲಿ ನಡೆದು ನೋಡಿದೆ. ಮೊದಲನೆಯದು ಸಾಲದ ಮೊತ್ತದಲ್ಲಿ ಶೇಕಡಾ ಅರ್ಧದಷ್ಟು, ಎಂದರೆ 15,000 ರೂಪಾಯಿ ಶುಲ್ಕ ಕೇಳಿದ ಏಜೆಂಟರದು. ಎರಡನೆಯದು ನನ್ನ ಸಂಬಳ ಜಮೆಯಾಗುವ ರಾಷ್ಟ್ರೀಕೃತ ಬ್ಯಾಂಕಿನ ಶಾಖೆಯದು. ಸಾಲ ಸಿಕ್ಕಿದ್ದು ಶಾಖೆಯಿಂದ. ನನ್ನಂತೆ ತಿಂಗಳ ಸಂಬಳ ನಂಬಿದವರು ಯಾರು ಕೇಳಿದರೂ ನಾನು ಹೇಳುವುದು ಶಾಖೆಗೇ ಹೋಗಿ ಎಂದು. ಅಂಗಡಿ ಇಟ್ಟುಕೊಂಡಿರುವ ನನ್ನ ಭಾವಮೈದುನನ ಲೆಕ್ಕ ಮಾತ್ರ ಬೇರೆ.

ನಮ್ಮಲ್ಲಿ ಈ ಏಜೆಂಟರು ಎರಡು ಬಗೆಯವರು. ಬ್ಯಾಂಕ್ ಅಥವಾ ಫೈನಾನ್ಸ್ ಸಂಸ್ಥೆಯ ಜೊತೆ ಒಪ್ಪಂದವಿರುವ ಡಿಎಸ್‌ಎಗಳಿಗೆ, ಎಂದರೆ ಸಂಸ್ಥೆಯ ಪರವಾಗಿ ಗಿರಾಕಿಗಳನ್ನು ತರುವ ಏಜೆಂಟರಿಗೆ, ಸಾಲ ಬಿಡುಗಡೆಯಾದ ಮೇಲೆ ಆ ಸಂಸ್ಥೆಯೇ ಕಮಿಷನ್ ಕೊಡುತ್ತದೆ. ಸಾಲಗಾರ ಅವರಿಗೆ ಪ್ರತ್ಯೇಕವಾಗಿ ಏನನ್ನೂ ಕೊಡಬೇಕಾದ ಕಾರಣವಿಲ್ಲ. ಲೋನ್ ಕನ್ಸಲ್ಟೆಂಟ್ ಎಂದು ಬೋರ್ಡು ಹಾಕಿಕೊಂಡವರು ಸಾಲಗಾರನಿಂದ ಶುಲ್ಕ ಪಡೆಯುತ್ತಾರೆ. ಎರಡೂ ಕಡೆಯಿಂದ ಪಡೆಯುವವರೂ ಇದ್ದಾರೆ. ನಮ್ಮ ಏಜೆಂಟರನ್ನು ಈ ಬಗ್ಗೆ ನೇರವಾಗಿಯೇ ಕೇಳಿದೆ. ಅವರು ನಕ್ಕು ಮಾತು ತೇಲಿಸಿದರು.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಶುಲ್ಕವಲ್ಲ. ಪ್ಯಾನ್, ಆಧಾರ್, ಸಂಬಳದ ಚೀಟಿ, ಫಾರ್ಮ್ 16 ಮತ್ತು ಸಹಿ ಹಾಕಿದ ಅರ್ಜಿಗಳನ್ನು ಏಜೆಂಟರು ಒಯ್ದ ಮೇಲೆ ನನ್ನ ಮೊಬೈಲಿಗೆ ಒಂದರ ಹಿಂದೊಂದು ಸಂದೇಶಗಳು ಬರತೊಡಗಿದವು: ನಿಮ್ಮ ಕ್ರೆಡಿಟ್ ವರದಿಯನ್ನು (ಸಾಲಗಳ ಇತಿಹಾಸವನ್ನು) ಇಂಥ ಸಂಸ್ಥೆ ಪರಿಶೀಲಿಸಿದೆ ಎಂದು. ವರದಿಯನ್ನು ಯಾರಾದರೂ ತೆಗೆದು ನೋಡಿದರೆ ಅದರ ಒಡೆಯನಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದರಿಂದ ನನಗೆ ಇದು ಗೊತ್ತಾಯಿತು. ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸಂದೇಶದಲ್ಲಿದ್ದ ಹೆಸರುಗಳಲ್ಲಿ ಕೆಲವನ್ನು ನಾನು ಅಲ್ಲಿಯವರೆಗೆ ಕೇಳಿಯೂ ಇರಲಿಲ್ಲ. ವಿಚಾರಿಸಿದಾಗ ಏಜೆಂಟರು, “ನಾಲ್ಕಾರು ಕಡೆ ಫೈಲ್ ಹಾಕಿದ್ರೆ ಒಂದು ಕಡೆ ಗ್ಯಾರಂಟಿ ಆಗುತ್ತೆ ಸಾರ್, ತಲೆ ಕೆಡಿಸ್ಕೋಬೇಡಿ” ಎಂದರು.

ತಲೆ ಕೆಟ್ಟಿದ್ದು ಶಾಖೆಯಲ್ಲಿ. ಸಾಲ ತೀರಿಸುವ ನಡತೆಯನ್ನು ಅಳೆಯುವ, 300ರಿಂದ 900ರವರೆಗಿನ ಸಿಬಿಲ್ ಅಂಕದಲ್ಲಿ ನನ್ನದು ತುಸು ಇಳಿದಿತ್ತಾದರೂ ಸಾಲಕ್ಕೆ ಅಡ್ಡಿಯಾಗುವಷ್ಟೇನೂ ಅಲ್ಲ. ಮ್ಯಾನೇಜರ್ ಮೇಡಂ ಗಮನಿಸಿದ್ದು ವರದಿಯ ಕೊನೆಯ ಪುಟವನ್ನು. ಅಲ್ಪಕಾಲದಲ್ಲಿ ಇಷ್ಟೊಂದು ಸಂಸ್ಥೆಗಳು ವಿಚಾರಿಸಿರುವುದೇಕೆ, ಇವುಗಳಲ್ಲಿ ಯಾವುದರಿಂದಲಾದರೂ ಸಾಲ ಪಡೆದು ಅದು ಇನ್ನೂ ವರದಿಗೆ ಏರದೆ ಉಳಿದಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಬೇರೆಲ್ಲೂ ಸಾಲ ಪಡೆದಿಲ್ಲವೆಂದು ನಾನು ಲಿಖಿತವಾಗಿ ಕೊಡಬೇಕಾಯಿತು. ಉಳಿದ ಸಂಸ್ಥೆಗಳಲ್ಲಿದ್ದ ಅರ್ಜಿಗಳನ್ನು ಹಿಂಪಡೆಯಲು ಏಜೆಂಟರ ಬೆನ್ನು ಹತ್ತಬೇಕಾಯಿತು. ಅವರಿಗೆ ಕಳುಹಿಸಲು ಇದ್ದ ಚುರುಕು ವಾಪಸು ತರಿಸುವಾಗ ಇರಲಿಲ್ಲ. ನಿಜವಾಗಿ ನಡೆದ ವಿಚಾರಣೆಗಳನ್ನು ವರದಿಯಿಂದ ಅಳಿಸಲು ಬರುವುದಿಲ್ಲವೆಂಬುದು ಇನ್ನೊಂದು ಕಿರಿಕಿರಿ. ಆ ಸಂಸ್ಥೆಗಳ ಪೈಕಿ ಒಂದರಿಂದ ಗೃಹಪ್ರವೇಶದ ದಿನವೂ ಕರೆ ಬಂತು.

ನೇರವಾಗಿ ಶಾಖೆಗೆ ಹೋದರೆ ಈ ಗೋಜಲಿಲ್ಲ. ಮೊದಲು ನಮ್ಮ ವರದಿಯನ್ನು ನಾವೇ ತೆಗೆದು ನೋಡಬಹುದು. ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಕೊಡಬೇಕು, ನಾವೇ ನೋಡಿದರೆ ಅಂಕ ಇಳಿಯುವುದೂ ಇಲ್ಲ. ಅರ್ಹತೆ ಇದೆಯೆಂದು ಮಾತಿನಲ್ಲೇ ಖಚಿತವಾದ ಮೇಲೆ ಅರ್ಜಿ ಹಾಕಿದರೆ ಸಾಕು.

ಬಡ್ಡಿಯಲ್ಲಿಯೂ ಏಜೆಂಟರು ಗೆಲ್ಲಲಿಲ್ಲ. ಅವರು ತಂದದ್ದು ಗೃಹಸಾಲ ಸಂಸ್ಥೆಯೊಂದರ ಶೇಕಡಾ 8.5ರ ದರ, ಶಾಖೆ ಕೊಟ್ಟದ್ದು 7.75. ಇಪ್ಪತ್ತು ವರ್ಷದ ಅವಧಿಗೆ ಕಂತು ಮೊದಲನೆಯದರಲ್ಲಿ 26,035 ರೂಪಾಯಿ, ಎರಡನೆಯದರಲ್ಲಿ 24,628. ದರಗಳು ಹೀಗೆಯೇ ಉಳಿದರೆ ಒಟ್ಟು ವ್ಯತ್ಯಾಸ ಮೂರು ಲಕ್ಷ ಮೂವತ್ತು ಸಾವಿರವನ್ನು ದಾಟುತ್ತದೆ. ಅಲ್ಲದೆ, 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ದರದ ಹೊಸ ಗೃಹಸಾಲಗಳನ್ನು ರೆಪೋದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಲೇಬೇಕು. ಗೃಹಸಾಲ ಸಂಸ್ಥೆಗಳಿಗೆ ಆ ಕಟ್ಟುಪಾಡಿಲ್ಲ. ರೆಪೋ ಇಳಿದಾಗ ನನ್ನ ಬಡ್ಡಿಯೂ ಇಳಿಯಬೇಕೆಂಬುದು ನನಗೆ ಮುಖ್ಯ.

ಅವಧಿಗೆ ಮುನ್ನ ಸಾಲ ತೀರಿಸಿದರೆ ಬದಲಾಗುವ ದರದ ಗೃಹಸಾಲಕ್ಕೆ ಎರಡೂ ಕಡೆ ದಂಡವಿಲ್ಲ. ಪ್ರೊಸೆಸಿಂಗ್ ಶುಲ್ಕವನ್ನು ಬಿಡಿಸಿಕೊಡುತ್ತೇನೆಂದು ಏಜೆಂಟರು ಹೇಳಿದ್ದ ರಿಯಾಯಿತಿಯನ್ನು ಶಾಖೆ ಹಬ್ಬದ ನೆಪದಲ್ಲಿ ತಾನಾಗಿಯೇ ಕೊಟ್ಟಿತು.

ಓಡಾಟದ ವಿಷಯದಲ್ಲಿ ಮಾತ್ರ ಏಜೆಂಟರ ಕೈ ಮೇಲು. ಅವರು ಸಂಜೆ ಮನೆಗೇ ಬಂದು ಕಾಗದಗಳನ್ನು ಒಯ್ಯುತ್ತಿದ್ದರು. ಬ್ಯಾಂಕಿಗಾದರೆ ರಜೆ ಹಾಕಿ ಹೋಗಬೇಕು, ಹೋದಾಗ ಫೀಲ್ಡ್ ಆಫೀಸರ್ ಇರಬೇಕು. ಆದರೆ ನಿಜವಾದ ವಿಳಂಬ ಆಗುವುದು ಆಸ್ತಿಪತ್ರಗಳನ್ನು ಪರಿಶೀಲಿಸುವ ಬ್ಯಾಂಕಿನ ಪ್ಯಾನಲ್ ವಕೀಲರ ಅಭಿಪ್ರಾಯದಲ್ಲಿ. ನಮ್ಮ ಮನೆಯ ನಿವೇಶನದ ಭೂಪರಿವರ್ತನೆ ಆದೇಶ, ಹಿಂದಿನ ಕ್ರಯಪತ್ರಗಳು, 2004ಕ್ಕಿಂತ ಹಿಂದಿನ ಇ.ಸಿ. (ಋಣಭಾರ ಪ್ರಮಾಣಪತ್ರ) ಎಲ್ಲವನ್ನೂ ಅವರು ಕೇಳಿದರು. ಆ ಹಳೆಯ ಇ.ಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದಿಲ್ಲ, ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕಗಳಿಂದಲೇ ತೆಗೆಸಬೇಕು. ಇದನ್ನು ತರಬೇಕಾದವರು ಮನೆ ಮಾರುವವರು. ಯಾವ ಏಜೆಂಟರೂ ಇದನ್ನು ತಪ್ಪಿಸಲಾರರು. ನಾನು ಇದಕ್ಕಾಗಿ ಕಚೇರಿಯ ಬಳಿಯ ಪತ್ರ ಬರಹಗಾರರೊಬ್ಬರಿಗೆ ಸಣ್ಣ ಮೊತ್ತ ಕೊಟ್ಟೆ, ಅದರಿಂದ ಕೆಲಸವೂ ಆಯಿತು.

15,000 ಏನು ಮಹಾ ಎನ್ನುವವರು ನೋಂದಣಿಯ ಖರ್ಚನ್ನು ನೋಡಬೇಕು. 38 ಲಕ್ಷದ ಮನೆಗೆ ಶೇಕಡಾ 5ರ ಮುದ್ರಾಂಕ ಶುಲ್ಕ 1,90,000 ರೂಪಾಯಿ. 2025ರ ಆಗಸ್ಟ್ ಕೊನೆಯಿಂದ ಶೇಕಡಾ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ 76,000. ಮುದ್ರಾಂಕ ಶುಲ್ಕದ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಬೇರೆ. ಬ್ಯಾಂಕು ಸಾಲದ ಮಿತಿಯನ್ನು ಲೆಕ್ಕ ಹಾಕುವಾಗ ಇವನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲವಾದ್ದರಿಂದ ಎಲ್ಲವೂ ಕೈಯಿಂದಲೇ ಹೋಗಬೇಕು. ಏಜೆಂಟರ ಶುಲ್ಕವೂ ಅದೇ ಜೇಬಿನಿಂದ ಹೋಗುತ್ತದೆ. 2024ರ ಅಕ್ಟೋಬರ್‌ನಿಂದ ಸಾಲ ಕೊಡುವವರು ಎಲ್ಲ ಖರ್ಚುಗಳನ್ನೂ ಸೇರಿಸಿ ಕೊಡಬೇಕಾದ ಮುಖ್ಯಾಂಶಗಳ ಪತ್ರದಲ್ಲಿ ಖಾಸಗಿಯಾಗಿ ಕೈಗಿತ್ತ ಈ ಹಣ ಕಾಣುವುದಿಲ್ಲ.

ಇನ್ನು ಭಾವಮೈದುನ. ಶಿರಾ ಗೇಟ್ ಬಳಿ ಅವನದು ಹಾರ್ಡ್‌ವೇರ್ ಅಂಗಡಿ. ವ್ಯಾಪಾರ ಚೆನ್ನಾಗಿದ್ದರೂ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯ ಕಡಿಮೆ. ನನಗೆ ಸಾಲ ಕೊಟ್ಟ ಶಾಖೆಯೇ ಅವನಿಗೆ ಆಗುವುದಿಲ್ಲವೆಂದಿತು. ಬೇರೊಬ್ಬ ಕನ್ಸಲ್ಟೆಂಟ್ ಜಿಎಸ್‌ಟಿ ರಿಟರ್ನ್ಸ್ ಮತ್ತು ಚಾಲ್ತಿ ಖಾತೆಯ ವಿವರಗಳನ್ನು ಜೋಡಿಸಿ, ಅವುಗಳ ಆಧಾರದ ಮೇಲೆ ಸಾಲ ಕೊಡುವ ಸಂಸ್ಥೆಯನ್ನು ಹುಡುಕಿಕೊಟ್ಟರು. ಅಲ್ಲಿ ಶುಲ್ಕಕ್ಕೆ ತಕ್ಕ ಕೆಲಸ ನಡೆದಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಅವನು ಎರಡು ಷರತ್ತುಗಳನ್ನು ಬರೆಸಿಕೊಂಡಿದ್ದ: ಒಂದು ಕಡೆ ಉತ್ತರ ಬರುವವರೆಗೆ ಇನ್ನೊಂದು ಕಡೆ ಫೈಲ್ ಹಾಕಬಾರದು, ಮಾರುವವರ ಕೈಗೆ ಚೆಕ್ ಸೇರಿದ ಮೇಲೆಯೇ ಶುಲ್ಕ. ಬಡ್ಡಿ ನನಗಿಂತ ಹೆಚ್ಚೇ ಬಿದ್ದಿದೆ. ಮುಂದಿನ ರಿಟರ್ನ್ಸ್‌ಗಳಲ್ಲಿ ಆದಾಯವನ್ನು ಸರಿಯಾಗಿ ತೋರಿಸಿ, ಸಾಲವನ್ನು ಬ್ಯಾಂಕಿಗೆ ವರ್ಗಾಯಿಸಿಕೊಳ್ಳುವ ಲೆಕ್ಕದಲ್ಲಿದ್ದಾನೆ. ಅದಕ್ಕೆ ಕನ್ಸಲ್ಟೆಂಟ್ ಬೇಡವೆಂದು ಈಗಲೇ ಹೇಳುತ್ತಿದ್ದಾನೆ.